ನೀರು ತಿಳಿಯಾಗಿತ್ತು, ಮಕ್ಕಳಿಗೆ ಭೇದಿ ಏಕಾಯಿತು?

ಪ್ರಶ್ನೆ: ಪರೀಕ್ಷೆ ಮುಗಿದ ಮರುದಿನ, ಏಪ್ರಿಲ್ ಮೊದಲ ಭಾನುವಾರ, ನಾವು ಮತ್ತು ಹೊಳಲ್ಕೆರೆಯಿಂದ ಬಂದಿದ್ದ ನನ್ನ ತಂಗಿಯ ಮನೆಯವರು ಸೇರಿ ದಾವಣಗೆರೆ ಸಮೀಪದ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆವು. ನೀರು ತಳ ಕಾಣುವಷ್ಟು ತಿಳಿಯಾಗಿತ್ತು, ಬ್ಲೀಚಿಂಗ್ ವಾಸನೆಯೂ ಜೋರಾಗಿಯೇ ಇತ್ತು. ಎಂಟು ವರ್ಷದ ಮಗಳ ಕಣ್ಣು ಆ ರಾತ್ರಿ ಕೆಂಪಾಗಿ ಉರಿದು, ಬೆಳಗಾಗುವಷ್ಟರಲ್ಲಿ ಸರಿಹೋಯಿತು. ಆರನೇ ದಿನ ನಾಲ್ಕು ವರ್ಷದ ಮಗನಿಗೆ ನೀರಿನಂಥ ಭೇದಿ ಶುರುವಾಗಿ ಹತ್ತು ದಿನ ಎಳೆಯಿತು. ಒಂದು ದಿನ ಹಿಂದೆ ಮುಂದೆ ತಂಗಿಯ ಇಬ್ಬರು ಚಿಕ್ಕ ಮಕ್ಕಳಿಗೂ ಹಾಗೆಯೇ ಆಯಿತು. ಪಾರ್ಕಿನವರನ್ನು ಕೇಳಿದರೆ ದಿನಾ ಕ್ಲೋರಿನ್ ಹಾಕುತ್ತೇವೆ, ಹೊರಗೆ ತಿಂದದ್ದರಿಂದ ಆಗಿರಬೇಕು ಎಂದರು. ಇದು ನೀರಿನಿಂದ ಬಂದದ್ದೇ? ಮೇ ತಿಂಗಳಲ್ಲಿ ಮಕ್ಕಳಿಬ್ಬರನ್ನೂ ನಗರದ ಈಜು ಶಿಬಿರಕ್ಕೆ ಸೇರಿಸಬೇಕೆಂದಿದ್ದೇವೆ. ನಮ್ಮ ಮಾವನವರು ಮಾತ್ರ ಆ ನಿಂತ ನೀರಿಗಿಂತ ಹರಿಯುವ ಭದ್ರಾ ನಾಲೆಯೇ ವಾಸಿ ಎನ್ನುತ್ತಾರೆ. ಏನು ಮಾಡಬೇಕು?
ಒಬ್ಬ ತಾಯಿ, ದಾವಣಗೆರೆ

ಉತ್ತರ: ದಿನಗಳ ಲೆಕ್ಕವನ್ನು ನೀವು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು. ಎರಡು ಮನೆಯ ಮೂವರು ಚಿಕ್ಕ ಮಕ್ಕಳು ಒಂದೇ ದಿನ ಒಂದೇ ಕೊಳದಲ್ಲಿ ಆಡಿ, ಹೆಚ್ಚುಕಡಿಮೆ ಒಂದು ವಾರದ ನಂತರ ಒಂದೇ ಬಗೆಯ ಭೇದಿಯಿಂದ ನರಳಿದ್ದಾರೆ ಎಂದರೆ ಅನುಮಾನ ನೀರಿನ ಮೇಲೆಯೇ ಬಲವಾಗಿ ಬೀಳುತ್ತದೆ. ಕೆಟ್ಟ ತಿಂಡಿಯಿಂದ ಆಗುವ ತೊಂದರೆ ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಎರಡು ಮೂರು ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ಅಂದು ತಿಂದ ಮಂಡಕ್ಕಿ ಮಿರ್ಚಿಯದೇ ತಪ್ಪಾಗಿದ್ದರೆ ಬುಧವಾರದೊಳಗೆ ಗೊತ್ತಾಗಬೇಕಿತ್ತು, ದೊಡ್ಡವರಲ್ಲೂ ಯಾರಿಗಾದರೂ ಆಗಬೇಕಿತ್ತು. ಸುಮಾರು ಒಂದು ವಾರ ಸುಮ್ಮನಿದ್ದು, ಆಮೇಲೆ ನೀರಿನಂಥ ಭೇದಿಯಾಗಿ ಒಂದೆರಡು ವಾರ ಎಳೆಯುವುದು ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿಯ ಲಕ್ಷಣ. ಪ್ರಯೋಗಾಲಯದ ವರದಿ ಇಲ್ಲದೆ ಅದೇ ಎಂದು ನಾನು ಹೇಳುವಂತಿಲ್ಲ. ಆದರೆ ಮಾಮೂಲಿ ಮಲಪರೀಕ್ಷೆಯಲ್ಲಿ ಇದು ಕಣ್ಣಿಗೆ ಬೀಳದೆ ತಪ್ಪಿಹೋಗುತ್ತದೆ; ವೈದ್ಯರು ಚೀಟಿಯಲ್ಲಿ ಹೆಸರು ಬರೆದು, ಆಸಿಡ್ ಫಾಸ್ಟ್ ಎಂಬ ವಿಶೇಷ ಬಣ್ಣ ಹಾಕಿ ನೋಡಿ ಎಂದು ಕೇಳಿದರಷ್ಟೇ ಪ್ರಯೋಗಾಲಯದವರು ಅದನ್ನು ಹುಡುಕುತ್ತಾರೆ. ಭೇದಿ ನಿಂತ ಮೇಲೂ ಕೆಲವು ದಿನ ಅದು ಮಲದಲ್ಲಿ ಹೊರಬರುತ್ತಿರುವುದರಿಂದ, ಮಗ ಈಗಷ್ಟೇ ಚೇತರಿಸಿಕೊಂಡಿದ್ದರೆ ಈಗಲೂ ಪರೀಕ್ಷೆ ಮಾಡಿಸಬಹುದು.

ದಿನಗಳ ಲೆಕ್ಕ ಇನ್ನೊಂದು ಕಾರಣಕ್ಕೂ ಮುಖ್ಯ. ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುವ ರೋಗಗಳಲ್ಲಿ ಟೈಫಾಯ್ಡ್ ಒಂದರಿಂದ ಮೂರು ವಾರದ ನಂತರ, ಹೆಪಟೈಟಿಸ್ ಎ ಎಂಬ ಕಾಮಾಲೆ 15ರಿಂದ 50 ದಿನಗಳ ನಂತರ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಮೇ ಕೊನೆಯವರೆಗೆ ನಾಲ್ವರು ಮಕ್ಕಳಲ್ಲಿ ಯಾರಿಗಾದರೂ ಬಿಡದ ಜ್ವರ, ಊಟ ಕಂಡರೆ ವಾಕರಿಕೆ, ಹಳದಿ ಕಣ್ಣು ಅಥವಾ ಕಡು ಬಣ್ಣದ ಮೂತ್ರ ಕಂಡರೆ ವೈದ್ಯರಿಗೆ ವಾಟರ್ ಪಾರ್ಕಿನ ವಿಷಯವನ್ನು ಮರೆಯದೆ ಹೇಳಿ. ಹೆದರಿಸಲು ಇದನ್ನು ಬರೆಯುತ್ತಿಲ್ಲ; ಐದಾರು ವಾರ ಕಳೆದ ಮೇಲೆ ಆ ಭಾನುವಾರದ ನೆನಪು ಯಾರಿಗೂ ಬರುವುದಿಲ್ಲ ಎಂಬುದನ್ನು ಅನೇಕ ಸಲ ಕಂಡಿದ್ದೇನೆ.

ಮಗಳ ಕಣ್ಣಿನ ಕಥೆ ಬೇರೆ. ಮದ್ರಾಸ್ ಐ ಆಗಿದ್ದರೆ ರಾತ್ರಿ ಬಂದು ಬೆಳಗ್ಗೆ ಹೋಗುತ್ತಿರಲಿಲ್ಲ. ಪಿಸುರು ಕಟ್ಟಿ, ಮನೆಯವರಿಗೆಲ್ಲ ಹರಡಿ, ವಾರಗಟ್ಟಲೆ ಕಾಡುತ್ತಿತ್ತು. ಆ ಉರಿಗೂ ನೀವು ಹೇಳಿದ ಜೋರು ವಾಸನೆಗೂ ಕಾರಣ ಒಂದೇ. ಆ ವಾಸನೆಯನ್ನು ನಾವೆಲ್ಲ ಶುದ್ಧ ನೀರಿನ ಗುರುತು ಎಂದು ತಿಳಿದಿದ್ದೇವೆ. ನಿಜವೆಂದರೆ, ರೋಗಾಣುವನ್ನು ಕೊಲ್ಲಲು ಸಿದ್ಧವಾಗಿರುವ ಕ್ಲೋರಿನ್ನಿಗೆ ಈಜುಕೊಳದ ಪ್ರಮಾಣದಲ್ಲಿ ಅಷ್ಟೊಂದು ವಾಸನೆ ಇರುವುದೇ ಇಲ್ಲ. ಬೆವರು, ಮೂತ್ರ, ಮೈಕೊಳೆ ಇವುಗಳೊಡನೆ ಕ್ಲೋರಿನ್ ಕೂಡಿಕೊಂಡಾಗ ಕ್ಲೋರಮೈನ್ ಎಂಬ ಸಂಯುಕ್ತಗಳು ಹುಟ್ಟುತ್ತವೆ. ಮೂಗಿಗೆ ಹೊಡೆಯುವುದು, ಕಣ್ಣು ಕೆಂಪಾಗಿಸುವುದು, ಕೆಲವು ಮಕ್ಕಳಿಗೆ ಕೆಮ್ಮು ಬರಿಸುವುದು ಅವು. ಕೂಡಿಕೊಂಡ ಕ್ಲೋರಿನ್ನಿಗೆ ರೋಗಾಣುವನ್ನು ಕೊಲ್ಲುವ ಕಸುವು ತೀರ ಕಡಿಮೆ. ಹೀಗಾಗಿ ವಾಸನೆ ಜೋರಾಗಿದೆ ಎಂದರೆ ಕ್ಲೋರಿನ್ ಸಾಕಷ್ಟು ಇದೆ ಎಂದಲ್ಲ, ಇದ್ದದ್ದು ಖರ್ಚಾಗಿ ಹೋಗಿದೆ ಎಂದು ಅರ್ಥ ಮಾಡಿಕೊಳ್ಳುವುದೇ ಸರಿ.

ನೀರು ತಿಳಿಯಾಗಿರುವುದೂ ಅಷ್ಟೆ. ತಳ ಕಾಣುವ ನೀರು ಬೇಕೇ ಬೇಕು, ಏಕೆಂದರೆ ಮುಳುಗುತ್ತಿರುವ ಮಗು ಕಾವಲುಗಾರರಿಗೆ ಕಾಣಬೇಕು. ಆದರೆ ಕಣ್ಣಿಗೆ ಕಾಣದ ರೋಗಾಣುಗಳ ಬಗ್ಗೆ ತಿಳಿಯಾದ ನೀರು ಏನನ್ನೂ ಹೇಳುವುದಿಲ್ಲ. ಹೇಳುವುದು ಎರಡು ಅಂಕಿಗಳು ಮಾತ್ರ: ಬೇರೆ ಯಾವುದಕ್ಕೂ ಕೂಡಿಕೊಳ್ಳದೆ ನೀರಿನಲ್ಲಿ ಉಳಿದಿರುವ ಮುಕ್ತ ಕ್ಲೋರಿನ್ ಎಷ್ಟಿದೆ ಮತ್ತು ನೀರಿನ ಪಿಎಚ್, ಅಂದರೆ ಅದು ಆಮ್ಲದ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂದು ತೋರಿಸುವ ಅಂಕಿ, ಎಷ್ಟಿದೆ. ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ ಇರಬೇಕು. ನಿಧಾನವಾಗಿ ಕರಗುವ ಸ್ಥಿರೀಕೃತ ಮಾತ್ರೆ, ಅಂದರೆ ಬಿಸಿಲಿಗೆ ಬೇಗ ಒಡೆಯದಂತೆ ಮಾಡಿದ ಕ್ಲೋರಿನ್ ಮಾತ್ರೆ ಬಳಸುವ ಕೊಳವಾದರೆ 2 ಇರಬೇಕು. ಪಿಎಚ್ 7.2 ಮತ್ತು 7.8ರ ನಡುವೆ ನಿಲ್ಲಬೇಕು. ಈಜುಕೊಳದ ನೀರಿಗೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 3328 ಎಂಬ ಮಾನಕವೂ ಇದೆ. ದಿನಾ ಕ್ಲೋರಿನ್ ಹಾಕುತ್ತೇವೆ ಎಂಬ ಮಾತು ಈ ಎರಡು ಅಂಕಿಗಳಲ್ಲಿ ಒಂದಕ್ಕೂ ಉತ್ತರವಲ್ಲ. ಹಾಕಿದ್ದು ಎಷ್ಟು ಎಂಬುದಕ್ಕಿಂತ ಮಕ್ಕಳು ನೀರಿನಲ್ಲಿರುವ ಹೊತ್ತಿಗೆ ಉಳಿದದ್ದು ಎಷ್ಟು ಎಂಬುದೇ ಪ್ರಶ್ನೆ.

ಪಿಎಚ್ ವಿಷಯವನ್ನು ನಮ್ಮ ಕಡೆ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬ ಬೇಸರ ನನಗಿದೆ. ಪಿಎಚ್ 7.2 ಇದ್ದಾಗ ನೀರಿನಲ್ಲಿರುವ ಮುಕ್ತ ಕ್ಲೋರಿನ್ನಿನ ಸುಮಾರು ಮೂರನೇ ಎರಡು ಭಾಗ ಚುರುಕಾಗಿ ಕೊಲ್ಲುವ ರೂಪದಲ್ಲಿರುತ್ತದೆ, 7.5ಕ್ಕೆ ಏರಿದರೆ ಅರ್ಧ, 8 ಆದರೆ ಕಾಲು ಭಾಗ, 8.5 ಆದರೆ ಹತ್ತರಲ್ಲಿ ಒಂದು ಭಾಗ ಮಾತ್ರ. ಚಿತ್ರದುರ್ಗ, ದಾವಣಗೆರೆಯ ಬಹಳಷ್ಟು ಕೊಳವೆಬಾವಿಗಳ ನೀರು ಗಡಸು, ಕ್ಷಾರದ ಗುಣದ್ದು. ಅದಕ್ಕೆ ನಾವು ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣವಿರುವುದರಿಂದ ಪಿಎಚ್ ಇನ್ನಷ್ಟು ಏರುತ್ತದೆ. ಸರಿಯಾದ ಪ್ರಮಾಣದ ಕ್ಲೋರಿನ್ ಹಾಕಿಯೂ ಮುಕ್ಕಾಲು ಪಾಲು ಕೆಲಸಕ್ಕೆ ಬಾರದಂತಾಗುವುದು ಹೀಗೆ. ಪಿಎಚ್ ಇಳಿಸಲು ಆಮ್ಲ ಬಳಸುತ್ತಾರೆ. ಆದರೆ ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಿ ಎಂದೂ ಬೆರೆಸಬಾರದು, ಬೆರೆಸಿದ ಕ್ಷಣವೇ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕೊಳ ನೋಡಿಕೊಳ್ಳುವ ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಭಾನುವಾರ ಇಲ್ಲಿನ ಒಂದು ಈಜುಕೊಳದ ಕಟ್ಟೆಯ ಮೇಲೆ ಪರೀಕ್ಷೆಯ ಪೆಟ್ಟಿಗೆ ಇಟ್ಟುಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತಿದ್ದೆ. ಆರು ಗಂಟೆಗೆ ಕೊಳ ನೋಡಿಕೊಳ್ಳುವವರು ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿಯುವವರೆಗೆ ಕಾದು, ಮೇಲಿನ ತಿಳಿಯನ್ನಷ್ಟೇ ಕೊಳದ ಸುತ್ತ ನಡೆಯುತ್ತ ಸುರಿದರು. ಮಾಡುವ ಕ್ರಮದಲ್ಲಿ ಒಂದಿಷ್ಟೂ ಲೋಪವಿರಲಿಲ್ಲ. ಏಳು ಗಂಟೆಗೆ ಗಾಜಿನ ನಳಿಕೆಗೆ ಕೊಳದ ನೀರು ತುಂಬಿ, ಮುಕ್ತ ಕ್ಲೋರಿನ್ ಇದ್ದಷ್ಟೂ ನೀರನ್ನು ಗುಲಾಬಿಯಾಗಿಸುವ ಡಿಪಿಡಿ ಮಾತ್ರೆ ಹಾಕಿದಾಗ ನೀರು ಗಾಢ ಗುಲಾಬಿಗೆ ತಿರುಗಿತು. 2 ಪಿಪಿಎಂ ಇತ್ತು. ಒಂಬತ್ತೂವರೆಗೆ ತಿಳಿ ಗುಲಾಬಿ. ಹನ್ನೊಂದೂವರೆಗೆ, ಬಿಸಿಲು ನೆತ್ತಿಯ ಹತ್ತಿರ ಬಂದು ಕೊಳದ ತುಂಬ ಮಕ್ಕಳು ಗದ್ದಲ ಮಾಡುತ್ತಿದ್ದಾಗ, ಮಾತ್ರೆ ಕರಗಿದರೂ ನೀರಿಗೆ ಬಣ್ಣವೇ ಬರಲಿಲ್ಲ. ಅದೇ ನಳಿಕೆಗೆ ಕೂಡಿಕೊಂಡ ಕ್ಲೋರಿನ್ನನ್ನು ತೋರಿಸುವ ಎರಡನೆಯ ಮಾತ್ರೆ ಹಾಕಿದೊಡನೆ ಮತ್ತೆ ಗುಲಾಬಿಯಾಯಿತು. ವಾಸನೆ ಬೆಳಗಿಗಿಂತ ಜೋರಾಗಿತ್ತು, ಕಾವಲು ಮಾತ್ರ ಉಳಿದಿರಲಿಲ್ಲ. ನೆರಳಿಲ್ಲದ ಕೊಳದಲ್ಲಿ ನಮ್ಮ ಬೇಸಿಗೆಯ ಬಿಸಿಲೊಂದೇ ಎರಡು ಗಂಟೆಯಲ್ಲಿ ಕ್ಲೋರಿನ್ನಿನ ಬಹುಪಾಲನ್ನು ಒಡೆದುಹಾಕಬಲ್ಲದು. ಜನ ಸೇರಿದರೆ ಉಳಿದದ್ದೂ ಮುಗಿಯುತ್ತದೆ. ಅಲ್ಲಿಗೆ ಬೇಕಿದ್ದುದು ಬೆಳಗ್ಗೆ ಇನ್ನೊಂದು ಬಕೆಟ್ಟಲ್ಲ, ಎರಡು ಗಂಟೆಗೊಮ್ಮೆ ಅಳೆದು ಕಡಿಮೆಯಾದಷ್ಟನ್ನು ಸೇರಿಸುವ ವ್ಯವಸ್ಥೆ.

ಆ ದಿನ ಇನ್ನೊಂದನ್ನೂ ಗಮನಿಸಿದೆ. ಪೌಡರಿನ ಚೀಲ ಬಾಯಿ ಬಿಚ್ಚಿಕೊಂಡು ಮೋಟಾರು ಕೋಣೆಯ ಕಾವಿನಲ್ಲಿ ಇತ್ತು. 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 4.5 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ 1 ಪಿಪಿಎಂ ಏರಿಸಲು 450 ಗ್ರಾಂ ಕ್ಲೋರಿನ್, ಅಂದರೆ ಶೇ 30ರ ಪೌಡರ್ ಒಂದೂವರೆ ಕೆ.ಜಿ. ಬೇಕು. ಕಾವಿಗೂ ತೇವಕ್ಕೂ ಸತ್ವ ಕಳೆದುಕೊಂಡು ಪೌಡರ್ ಶೇ 15ಕ್ಕೆ ಇಳಿದಿದ್ದರೆ ಮೂರು ಕೆ.ಜಿ. ಹಾಕಬೇಕಾಗುತ್ತದೆ. ಅಳತೆಯ ಮಗ್ಗು ಮಾತ್ರ ವರ್ಷವಿಡೀ ಅದೇ ಇರುತ್ತದೆ.

ನಿಮ್ಮ ಮಗನೂ ತಂಗಿಯ ಮಕ್ಕಳೂ ಆಡಿದ್ದು ಚಿಕ್ಕ ಮಕ್ಕಳ ಗುಂಡಿಯಲ್ಲಿ ಇರಬೇಕು. ಭೇದಿ ಚಿಕ್ಕವರಿಗೆ ಮಾತ್ರ ಆಗಿ ಮಗಳಿಗೆ ಆಗದಿರುವುದರಿಂದ ಹಾಗೆ ಊಹಿಸುತ್ತೇನೆ. ಇಡೀ ಪಾರ್ಕಿನಲ್ಲಿ ನಾನು ಅತ್ಯಂತ ಅನುಮಾನದಿಂದ ನೋಡುವ ಜಾಗ ಅದೇ. 8 ಮೀಟರ್ ಉದ್ದ, 6 ಮೀಟರ್ ಅಗಲ, ಮೊಣಕಾಲುದ್ದ ನೀರು ಎಂದರೆ ಸುಮಾರು 19 ಸಾವಿರ ಲೀಟರ್. ನಲವತ್ತು ಮಕ್ಕಳು ಇಳಿದರೆ ತಲೆಗೆ 500 ಲೀಟರೂ ಇಲ್ಲ. ದೊಡ್ಡ ಕೊಳದಲ್ಲಿ ನೂರು ಜನ ಇಳಿದರೂ ತಲೆಗೆ 4,500 ಲೀಟರ್ ಸಿಗುತ್ತದೆ. ಆಳವಿಲ್ಲದ ನೀರು ಬೇಗ ಕಾಯುತ್ತದೆ, ಚಿಮ್ಮುವ ಕಾರಂಜಿಗಳಿಂದ ಕ್ಲೋರಿನ್ ಇನ್ನೂ ಬೇಗ ಹಾರಿಹೋಗುತ್ತದೆ, ಆಡುವವರಲ್ಲಿ ಅರ್ಧ ಜನಕ್ಕೆ ಶೌಚದ ಹಿಡಿತವೇ ಇರುವುದಿಲ್ಲ. ಡೈಪರ್ ಮಲವನ್ನು ಸ್ವಲ್ಪ ಹೊತ್ತು ತಡೆಯುತ್ತದೆಯೇ ಹೊರತು ಭೇದಿಯ ನೀರನ್ನು ತಡೆಯುವುದಿಲ್ಲ. ಮಕ್ಕಳು ನೀರು ನುಂಗುವುದೂ ಹೆಚ್ಚು: ಅಮೆರಿಕದಲ್ಲಿ ಅಳೆದು ನೋಡಿದಾಗ ಮುಕ್ಕಾಲು ಗಂಟೆಯ ಈಜಿನಲ್ಲಿ ಮಕ್ಕಳು ಸರಾಸರಿ 37 ಮಿಲಿಲೀಟರ್ ನುಂಗಿದ್ದು ಕಂಡುಬಂದಿತ್ತು, ದೊಡ್ಡವರು ನುಂಗಿದ್ದು ಅದರ ಅರ್ಧಕ್ಕಿಂತ ಕಡಿಮೆ. ದೊಡ್ಡ ಕೊಳದ ನೀರು ಸೋಸುಯಂತ್ರದ ಮೂಲಕ ಒಂದು ಸುತ್ತು ಬರಲು ನಾಲ್ಕರಿಂದ ಆರು ಗಂಟೆ ಹಿಡಿದರೆ ನಡೆಯುತ್ತದೆ. ಈ ಗುಂಡಿಯ ನೀರು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಒಂದು ಸುತ್ತು ಬರಬೇಕು, ಅದಕ್ಕೆ ಪ್ರತ್ಯೇಕ ಸೋಸುಯಂತ್ರ ಇರಬೇಕು. ಹಣ ಉಳಿಸಲು ಎರಡನ್ನೂ ಒಂದೇ ಯಂತ್ರಕ್ಕೆ ಜೋಡಿಸಿದರೆ ಗುಂಡಿಯ ಕೊಳೆ ದೊಡ್ಡ ಕೊಳಕ್ಕೂ ಹರಿಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಕ್ರಿಪ್ಟೋಸ್ಪೊರಿಡಿಯಂ ಮಾತ್ರ ತಪ್ಪಿಸಿಕೊಳ್ಳಬಲ್ಲದು. 1 ಪಿಪಿಎಂ ಮುಕ್ತ ಕ್ಲೋರಿನ್ ಇರುವ ನೀರಿನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ, ಹೆಪಟೈಟಿಸ್ ಎ ವೈರಾಣುವಿಗೆ ಸುಮಾರು 16 ನಿಮಿಷ ಬೇಕು, ಭೇದಿ ತರುವ ಇನ್ನೊಂದು ಪರಾವಲಂಬಿ ಜಿಯಾರ್ಡಿಯಾಕ್ಕೆ 45 ನಿಮಿಷ. ಕ್ರಿಪ್ಟೋ ಗಟ್ಟಿ ಚಿಪ್ಪಿನೊಳಗೆ ಹತ್ತು ದಿನಕ್ಕೂ ಹೆಚ್ಚು ಬದುಕಿರುತ್ತದೆ. ಅದರ ಗಾತ್ರ 4ರಿಂದ 6 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕರಿಂದ ಆರು ಭಾಗ. ಬರೀ ಮರಳಿನ ಫಿಲ್ಟರಿನಿಂದ ಸಲೀಸಾಗಿ ಜಾರಿಹೋಗುತ್ತದೆ, ಪಟಿಕದಂಥ ವಸ್ತು ಹಾಕಿ ಕಣಗಳನ್ನು ಗಡ್ಡೆಕಟ್ಟಿಸಿದರೆ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಇದು ಶುದ್ಧೀಕರಣ ಘಟಕವನ್ನೇ ದಾಟಿ ಕುಡಿಯುವ ನೀರಿಗೆ ಸೇರಿ ಸುಮಾರು ನಾಲ್ಕು ಲಕ್ಷ ಜನರನ್ನು ಕಾಯಿಲೆ ಬೀಳಿಸಿತ್ತು. ರೋಗ ಬರಲು ಹತ್ತು ಚಿಪ್ಪು ಹೊಟ್ಟೆಗೆ ಹೋದರೂ ಸಾಕು, ಒಂದು ಮಗುವಿನ ಒಂದು ಸಲದ ಭೇದಿಯಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಆದ್ದರಿಂದ ಕೊಳದಲ್ಲಿ ಮಗುವೊಂದು ಭೇದಿ ಮಾಡಿಕೊಂಡರೆ ಬಲೆಯಿಂದ ತೆಗೆದು ಆಟ ಮುಂದುವರಿಸುವುದು ದೊಡ್ಡ ತಪ್ಪು. ಎಲ್ಲರನ್ನೂ ಮೇಲೆ ಹತ್ತಿಸಿ, ಕೊಳ ಮುಚ್ಚಿ, ಕ್ಲೋರಿನ್ನನ್ನು 20 ಪಿಪಿಎಂಗೆ ಏರಿಸಿ ಸುಮಾರು 13 ಗಂಟೆ ಹಾಗೆಯೇ ಬಿಡಬೇಕು. ಸ್ಥಿರೀಕೃತ ಮಾತ್ರೆ ಬಳಸುವ ಕೊಳವಾದರೆ ಇನ್ನೂ ಹೆಚ್ಚು ಹೊತ್ತು. ಗಟ್ಟಿ ಮಲವಾದರೆ ತೆಗೆದುಹಾಕಿ, 2 ಪಿಪಿಎಂ ಕ್ಲೋರಿನ್ನಿನಲ್ಲಿ, ಪಿಎಚ್ 7.5 ಮೀರದಂತೆ 25 ನಿಮಿಷ ಕಾಯುವುದು ಸಾಕು. ಭಾನುವಾರ ಮಧ್ಯಾಹ್ನ ಟಿಕೆಟ್ ಕೊಟ್ಟು ಒಳಬಂದ ನೂರಾರು ಜನರನ್ನು ಹೊರಗೆ ನಿಲ್ಲಿಸುವುದು ಮಾಲೀಕರಿಗೆ ಎಷ್ಟು ಕಷ್ಟ ಎಂಬುದು ನನಗೆ ತಿಳಿದಿದೆ. ಆದರೂ ನಿಲ್ಲಿಸಲೇಬೇಕು.

ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಅವರ ಕಾಲದಲ್ಲಿ ಎಷ್ಟೋ ಜನ ಕೆರೆ, ಬಾವಿ, ನಾಲೆಗಳಲ್ಲೇ ಈಜು ಕಲಿತರು, ಅದನ್ನು ಅಲ್ಲಗಳೆಯಲಾರೆ. ಆದರೆ ಹರಿಯುವ ನೀರು ಕೊಳೆಯನ್ನು ಕೊಲ್ಲುವುದಿಲ್ಲ, ಮೇಲಿನ ಊರಿನದನ್ನು ಕೆಳಗಿನ ಊರಿಗೆ ತರುತ್ತದೆ. ನಾಲೆಯುದ್ದಕ್ಕೂ ಎಮ್ಮೆ ಮೈತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ದಡದಲ್ಲೇ ಬಹಿರ್ದೆಸೆಗೆ ಹೋಗುವವರು ಇನ್ನೂ ಇದ್ದಾರೆ. ಭೇದಿಯ ಜೊತೆಗೆ, ಇಲಿ ಮತ್ತು ದನಕರುಗಳ ಮೂತ್ರದಿಂದ ನೀರಿಗೆ ಸೇರಿ ಕಾಲಿನ ಸಣ್ಣ ಗಾಯದ ಮೂಲಕ ಒಳಹೋಗುವ ಇಲಿ ಜ್ವರದ ಭಯವೂ ಅಲ್ಲಿ ಇದೆ. ಬೇಸಿಗೆಯಲ್ಲಿ ಕಾದು ನಿಂತ ಕೆರೆ, ಹೊಂಡಗಳಲ್ಲಿ, ಅಪರೂಪಕ್ಕಾದರೂ, ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ ಇರಬಹುದು. 2024ರಲ್ಲಿ ಕೇರಳದಲ್ಲಿ ಮಕ್ಕಳ ಜೀವ ತೆಗೆದದ್ದು ಅದೇ. ಅದು ಬಂದರೆ ಬದುಕುವವರು ತೀರ ವಿರಳ, ಆದರೆ ಸರಿಯಾಗಿ ಕ್ಲೋರಿನ್ ಇರುವ ಕೊಳದಲ್ಲಿ ಅದು ಉಳಿಯುವುದಿಲ್ಲ. ಇವೆಲ್ಲಕ್ಕಿಂತ ಮೊದಲು, ನಾಲೆಯ ಸೆಳೆತ ಮತ್ತು ಪಾಚಿ ಕಟ್ಟಿದ ಇಳಿಜಾರು ಎಂಟು ವರ್ಷದ ಮಗುವಿಗೆ ತಕ್ಕ ಜಾಗವಲ್ಲ. ಅಳೆದು ನೋಡಬಹುದಾದ ನೀರನ್ನು ಬಿಟ್ಟು ಅಳೆಯಲಾಗದ ನೀರಿಗೆ ಮಕ್ಕಳನ್ನು ಇಳಿಸಬೇಡಿ.

ಮಗಳನ್ನು ಶಿಬಿರಕ್ಕೆ ಸೇರಿಸಿ. ಈಜು ಬಂದ ಮಗು ನೀರಿನಲ್ಲಿ ಸಾಯುವ ಸಂಭವ ಕಡಿಮೆ, ನನ್ನ ದೃಷ್ಟಿಯಲ್ಲಿ ಆ ಲಾಭ ಭೇದಿಯ ಭಯಕ್ಕಿಂತ ದೊಡ್ಡದು. ಆದರೆ ಹಣ ಕಟ್ಟುವ ಮೊದಲು, ಜನ ತುಂಬಿರುವ ಹೊತ್ತಿನಲ್ಲಿ ಒಮ್ಮೆ ಹೋಗಿ ಕ್ಲೋರಿನ್ ಮತ್ತು ಪಿಎಚ್ ಬರೆದಿಡುವ ಪುಸ್ತಕ ತೋರಿಸಿ ಎಂದು ಕೇಳಿ. ದಿನಕ್ಕೆ ಒಂದೇ ಸಲ, ಅದೂ ಪ್ರತಿದಿನ ಒಂದೇ ಅಂಕಿ ಬರೆದಿದ್ದರೆ ಅದು ಅಳೆದದ್ದಲ್ಲ. ಸಾಧ್ಯವಾದರೆ ನಿಮ್ಮದೇ ಪರೀಕ್ಷಾ ಪಟ್ಟಿ ಒಯ್ಯಿರಿ. ಮೊಣಕೈಯಷ್ಟು ಆಳದ ನೀರಿನಲ್ಲಿ ಅದ್ದಿ, ಡಬ್ಬಿಯ ಮೇಲಿನ ಬಣ್ಣದೊಡನೆ ಹೋಲಿಸಿ ನೋಡಲು ಒಂದು ನಿಮಿಷವೂ ಬೇಡ. ಕೊಳಕ್ಕೆ ಇಳಿಯುವ ಮುನ್ನ ಎಲ್ಲರೂ ಸ್ನಾನ ಮಾಡಲೇಬೇಕೆಂಬ ನಿಯಮ ಇದೆಯೇ, ಸ್ನಾನದ ನಲ್ಲಿಯಲ್ಲಿ ನೀರು ಬರುತ್ತದೆಯೇ, ಶೌಚಾಲಯದಲ್ಲಿ ಸೋಪು ಇದೆಯೇ ನೋಡಿ. ಒಂದು ನಿಮಿಷದ ಸ್ನಾನ ಮೈಮೇಲಿನ ಬೆವರನ್ನೂ ಮಲದ ಅಂಶವನ್ನೂ ಬಹುಪಾಲು ತೊಳೆದು, ಕ್ಲೋರಿನ್ನನ್ನು ಅದರ ನಿಜವಾದ ಕೆಲಸಕ್ಕೆ ಉಳಿಸುತ್ತದೆ. ಮಗಳನ್ನು ಪ್ರತಿ ಗಂಟೆಗೊಮ್ಮೆ ಶೌಚಾಲಯಕ್ಕೆ ಕಳಿಸಿ, ಬಾಯಿಗೆ ನೀರು ತುಂಬಿ ಉಗುಳುವ ಆಟ ಬೇಡವೆಂದು ಹೇಳಿ.

ನೀವು ಮಾಡಬೇಕಾದ ಇನ್ನೊಂದು ಕೆಲಸವಿದೆ. ಜಿಲ್ಲಾ ಆರೋಗ್ಯ ಇಲಾಖೆಯ ಸರ್ವೇಕ್ಷಣಾ ಘಟಕಕ್ಕೆ ಅಥವಾ ನಿಮ್ಮ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಪುಟದ ಪತ್ರ ಬರೆದು, ಹೋದ ದಿನ, ಆಡಿದ ಕೊಳ, ಮೂವರಿಗೂ ಭೇದಿ ಶುರುವಾದ ದಿನಗಳನ್ನು ತಿಳಿಸಿ. ತಂಗಿಯವರೂ ಚಿತ್ರದುರ್ಗ ಜಿಲ್ಲೆಯಲ್ಲಿ ಹಾಗೆಯೇ ಬರೆಯಲಿ; ಎರಡು ಜಿಲ್ಲೆಗಳಲ್ಲಿ ಹರಡಿಹೋದ ರೋಗಿಗಳು ಒಂದೇ ಕೊಳದವರು ಎಂದು ಬೇರೆ ಯಾವ ದಾರಿಯಿಂದಲೂ ತಿಳಿಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನರು ಪ್ರಾಣ ಕಳೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಆರೋಗ್ಯ ಸಿಬ್ಬಂದಿ ಕ್ಲೋರೋಸ್ಕೋಪ್ ಎಂಬ ಕ್ಲೋರಿನ್ ಅಳೆಯುವ ಪೆಟ್ಟಿಗೆ ಹಿಡಿದು ನಲ್ಲಿಯಿಂದ ನಲ್ಲಿಗೆ ಹೋಗುತ್ತಾರೆ. ಆ ಪೆಟ್ಟಿಗೆ ಬೇಸಿಗೆಯ ಭಾನುವಾರಗಳಂದು ಈಜುಕೊಳದ ಕಟ್ಟೆಗೆ ಹೋದದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ನಿಮ್ಮಂಥವರ ಪತ್ರ ಬಂದರೆ ಹೋಗುತ್ತದೆ.

ಮಗನ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳಿ. ಮತ್ತೆ ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿ, ಪ್ರತಿ ಸಲ ಭೇದಿಯಾದ ಮೇಲೆ ಅರ್ಧದಿಂದ ಒಂದು ಲೋಟ ಕುಡಿಸಿ. ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಲೋಟಕ್ಕೆ ಕಲಸಬೇಡಿ, ಉಪ್ಪು ಹೆಚ್ಚಾದರೆ ಅಪಾಯ. ರಕ್ತ ಕಂಡರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಗು ಮಂಕಾಗಿ ಕಣ್ಣು ಗುಳಿಬಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಭೇದಿ ಪೂರ್ತಿ ನಿಂತ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಎರಡು ವಾರ ಅವನು ಯಾವ ಕೊಳಕ್ಕೂ ಇಳಿಯುವುದು ಬೇಡ. ಆ ಗುಂಡಿಯಲ್ಲಿ ಅವನಿಗಿಂತ ಮೊದಲು ಆಡಿದ ಯಾವುದೋ ಮಗುವಿನ ಮನೆಯವರು ಇಷ್ಟು ದಿನ ತಡೆದಿದ್ದರೆ, ಬಹುಶಃ ನೀವು ನನಗೆ ಈ ಪತ್ರ ಬರೆಯಬೇಕಾಗುತ್ತಿರಲಿಲ್ಲ. ಶಿಬಿರದ ಎರಡನೇ ತಂಡ ಮೇ ಮಧ್ಯದಲ್ಲಿ ಶುರುವಾಗುವುದಿದ್ದರೆ ಅವನ ಹೆಸರನ್ನು ಅದಕ್ಕೆ ಬರೆಸಿ.